ಎರಡು ಜಯನಗರ, ಒಂದು ಪ್ರಿಂಟರ್

ಕೆಳಗಿನಿಂದ ಅಪ್ಪ ಮೂರನೇ ಸಲ ಕೂಗಿದರು. "ಏನೋ, ಪಹಣಿ ಕಳಿಸಿದ್ಯಾ ಇಲ್ವಾ? ಇಲ್ಲೇನೂ ಬರ್ತಿಲ್ಲ." ನಾನು ಮಹಡಿಯ ಮೇಲೆ ಕೂತು ಮೂರು ಸಲವೂ ಕಳಿಸಿದ್ದೆ. ಪ್ರಿಂಟರ್ ಹಾಲ್‌ನಲ್ಲಿ ಹಸಿರು ದೀಪ ಹಾಕಿಕೊಂಡು ಆರಾಮಾಗಿ ಕೂತಿತ್ತು. ಲ್ಯಾಪ್‌ಟಾಪ್ ಮಾತ್ರ ಎರರ್ ಅಂತ ಕೆಂಪು ಮಾಡುತ್ತಿತ್ತು. ಕೊನೆಗೆ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಜೆರಾಕ್ಸ್ ಅಂಗಡಿಗೆ ಹೊರಟರು. ಹೋಗುವಾಗ ಅಮ್ಮನ ಹತ್ತಿರ ಏನೋ ಅಂದರು. ನನಗೆ ಕೇಳಿಸಲಿ ಅಂತಲೇ ಅಂದಿದ್ದು.

ವಾರಕ್ಕೆ ಎರಡು ದಿನ ರೈಲು ಹತ್ತಿ ಬೆಂಗಳೂರು, ಮಿಕ್ಕ ಮೂರು ದಿನ ತುಮಕೂರಿನ ಮನೆಯಿಂದಲೇ ಕೆಲಸ. ಲ್ಯಾಪ್‌ಟಾಪ್ ನನ್ನದೇ, ವಿಪಿಎನ್ (ಮನೆಯಿಂದ ಆಫೀಸಿನ ನೆಟ್‌ವರ್ಕ್‌ಗೆ ಸೇರಿಸೋ ಗುಪ್ತ ಸುರಂಗ) ಆಫೀಸಿನದು. ವಿಪಿಎನ್ ಆಫ್ ಮಾಡಿದರೆ ಪ್ರಿಂಟ್ ಬರುತ್ತದೆ ಅಂತ ಗೊತ್ತಿತ್ತು. ಆದರೆ ಆಫ್ ಮಾಡಿದರೆ ಓಡುತ್ತಿರುವ ಕ್ವೆರಿ ಸಾಯುತ್ತದೆ, ಮತ್ತೆ ಒಟಿಪಿ, ಮತ್ತೆ ಲಾಗಿನ್. ಒಂದು ಪಹಣಿಗೆ ಇಷ್ಟೆಲ್ಲ ಯಾಕೆ ಅಂತ ತಿಂಗಳುಗಟ್ಟಲೆ ಮುಂದೂಡಿದ್ದೆ. ಅಪ್ಪ ಅವತ್ತು ಮಳೆಯಲ್ಲಿ ನೆನೆದು ಬಂದ ಮೇಲೆ ಮುಂದೂಡೋಕೆ ಮುಖ ಇರಲಿಲ್ಲ.

ಯಾರನ್ನು ಕೇಳಿದರೂ ಒಂದೇ ಉತ್ತರ. ವಿಪಿಎನ್ ಹಾಕಿದರೆ ಎಲ್ಲ ಟ್ರಾಫಿಕ್ಕೂ ಟನಲ್‌ಗೆ, ಅಂದರೆ ಆ ಸುರಂಗಕ್ಕೆ, ಹೋಗುತ್ತದೆ, ಅದಕ್ಕೇ ಮನೆಯ ಪ್ರಿಂಟರ್ ಸಿಗಲ್ಲ. ಇದು ಅರ್ಧ ಮಾತ್ರ ಸರಿ. ಕಂಪ್ಯೂಟರಿನ ಹತ್ತಿರ ದಾರಿಗಳ ಒಂದು ಪಟ್ಟಿ ಇರುತ್ತದೆ, ಅದರಲ್ಲಿ ಹೆಚ್ಚು ನಿಖರವಾದ ದಾರಿಯೇ ಗೆಲ್ಲುತ್ತದೆ. 0.0.0.0/0 ಅಂದರೆ 'ಎಲ್ಲ ಊರಿಗೂ ಈ ಕಡೆ' ಅನ್ನೋ ಬೋರ್ಡು. 192.168.1.0/24 ಅಂದರೆ 'ಈ ಬೀದಿಗೆ ಈ ಕಡೆ', 192.168.1 ಅಂತ ಶುರುವಾಗೋ ವಿಳಾಸಗಳಿಗೆ ಮಾತ್ರ. ಓರೆಗೆರೆಯ ಮುಂದಿನ ಅಂಕಿ ದೊಡ್ಡದಾದಷ್ಟೂ ದಾರಿ ನಿಖರ. ಬೀದಿಯ ಬೋರ್ಡು ಇದ್ದರೆ ಕಂಪ್ಯೂಟರ್ ಊರಿನ ಬೋರ್ಡು ನೋಡೋದೇ ಇಲ್ಲ. ಹಾಗಾಗಿ ವಿಪಿಎನ್ ಹಾಕಿದರೂ ಮನೆಯ ಬೀದಿ ಮನೆಯ ವೈಫೈ ಕಡೆಗೇ ಇರಬೇಕು. ಇಲ್ಲ ಅಂದರೆ ಯಾರೋ ಬೇಕು ಅಂತಲೇ ತಡೆಯುತ್ತಿದ್ದಾರೆ, ಅಥವಾ ಅದೇ ಬೀದಿಗೆ ಎರಡು ಬೋರ್ಡು ಬಿದ್ದಿದೆ.

ನನ್ನದು ಯಾವುದು ಅಂತ ಗೊತ್ತಾಗಿದ್ದು ಪಿಂಗ್‌ನಿಂದ, ಅಂದರೆ ಒಂದು ವಿಳಾಸಕ್ಕೆ 'ಇದ್ದೀಯಾ' ಅಂತ ಕೇಳಿ ಉತ್ತರಕ್ಕೆ ಎಷ್ಟು ಹೊತ್ತಾಯಿತು ಅಂತ ನೋಡೋದರಿಂದ. ನನ್ನ ಪ್ರಿಂಟರ್‌ನ ವಿಳಾಸ 192.168.1.50. ವಿಪಿಎನ್ ಇಲ್ಲದೆ ಪಿಂಗ್ ಮಾಡಿದೆ, 2 ಮಿಲಿಸೆಕೆಂಡ್‌ಗೆ ಉತ್ತರ. ವಿಪಿಎನ್ ಹಾಕಿ ಮಾಡಿದೆ. ಉತ್ತರವೇ ಬರಲ್ಲ ಅಂದುಕೊಂಡಿದ್ದೆ, ಬಂತು! ಆದರೆ 38 ಮಿಲಿಸೆಕೆಂಡ್. ಕೆಳಗಿನ ಹಾಲ್‌ನಿಂದ ಮಹಡಿಗೆ ಬರೋಕೆ 38 ಯಾಕೆ ಬೇಕು? ಕೆಳಗೆ ಹೋಗಿ ಪ್ರಿಂಟರ್ ಸ್ವಿಚ್ ಆಫ್ ಮಾಡಿ ಬಂದೆ. ಆಗಲೂ ಉತ್ತರ ಬರುತ್ತಲೇ ಇತ್ತು. ಬೆನ್ನು ಸ್ವಲ್ಪ ತಣ್ಣಗಾಯಿತು, ಸುಳ್ಳು ಹೇಳಲ್ಲ.

ವಿಂಡೋಸ್‌ನಲ್ಲಿ ದಾರಿ ಪಟ್ಟಿ ನೋಡೋ ಕಮಾಂಡ್ ಹೆಸರು 'ರೂಟ್ ಪ್ರಿಂಟ್'. ಪ್ರಿಂಟ್ ಬರದ ದಿನ ಅದನ್ನೇ ಟೈಪ್ ಮಾಡಬೇಕಾಗಿ ಬಂದಿದ್ದು ತಮಾಷೆ ಅಲ್ವಾ. ನೋಡಿದರೆ 192.168.1.0, 255.255.255.0 (/24 ಅನ್ನೋದನ್ನೇ ಇಲ್ಲಿ ಹೀಗೆ ಬರೆದಿರುತ್ತದೆ) ಅನ್ನೋ ಸಾಲು ಎರಡು ಸಲ ಇದೆ. ಒಂದು ಮನೆಯ ವೈಫೈದು, ಇನ್ನೊಂದು ಟನಲ್‌ನದು. ಎರಡೂ ಅಷ್ಟೇ ನಿಖರವಾಗಿದ್ದರೆ ಯಾವುದರ ಮೆಟ್ರಿಕ್ (ದಾರಿಯ ಖರ್ಚು ಅಂತ ಹಾಕಿರೋ ಅಂಕಿ) ಕಮ್ಮಿಯೋ ಅದು ಗೆಲ್ಲುತ್ತದೆ. ಟನಲ್‌ನದು ಕಮ್ಮಿ ಇತ್ತು. ಅಂದರೆ ಆಫೀಸಿನ ಯಾವುದೋ ಬ್ರಾಂಚ್‌ನಲ್ಲೂ 192.168.1 ಅನ್ನೋ ಬೀದಿಯೇ ಇದೆ, ಅಲ್ಲೂ 50ನೇ ನಂಬರಿನ ಮನೆ ಇದೆ, ಅಪ್ಪನ ಪಹಣಿ ಮೂರು ಸಲ ಹೋಗಿ ಅದರ ಬಾಗಿಲು ತಟ್ಟಿದೆ.

ತುಮಕೂರಿನಲ್ಲಿ ಇರೋರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮಲ್ಲೂ ಜಯನಗರ ಇದೆ, ಬೆಂಗಳೂರಿನಲ್ಲೂ ಜಯನಗರ ಇದೆ. ತುಮಕೂರಿನಲ್ಲಿ ಆಟೋ ಹತ್ತಿ ಜಯನಗರ ಅಂದರೆ ತೊಂದರೆ ಇಲ್ಲ, ಮೆಜೆಸ್ಟಿಕ್‌ನಲ್ಲಿ ಹತ್ತಿ ಅಂದರೆ ಎಲ್ಲಿ ಇಳಿಯುತ್ತೀರಿ ನೋಡಿ. ಆಫೀಸಿನ ಐಟಿಯವರಿಗೆ ಫೋನ್ ಮಾಡಿದಾಗ ಅವರು ನಕ್ಕರು. "ಸಾರ್, ದಿನಾ ಒಬ್ರು ಇದೇ ಕೇಳ್ತಾರೆ. ನಿಮ್ ಮನೆ ನಂಬರ್ ಬದಲಾಯಿಸ್ಕೊಳಿ, ನಮ್ದು ಆಗಲ್ಲ."

ತಪ್ಪು ಯಾರದೂ ಅಲ್ಲ. 1996ರ ಆರ್‌ಎಫ್‌ಸಿ 1918 ಅನ್ನೋ ಇಂಟರ್ನೆಟ್ ದಾಖಲೆ ಖಾಸಗಿ ನೆಟ್‌ವರ್ಕ್‌ಗಳಿಗೆ ಅಂತ 10.0.0.0/8, 172.16.0.0/12, 192.168.0.0/16 ಅನ್ನೋ ಮೂರು ಜಾಗ ಬಿಟ್ಟುಕೊಟ್ಟಿದೆ. ಮೂರನೆಯದರಲ್ಲೇ 256 ಬೀದಿ ಸಿಗುತ್ತವೆ. ಆದರೆ ರೂಟರ್ ಮಾಡುವವರು ಬಹಳಷ್ಟು ಜನ 192.168.0 ಅಥವಾ 192.168.1ಕ್ಕೇ ಇಟ್ಟು ಕಳಿಸುತ್ತಾರೆ, ನಾವೂ ಮುಟ್ಟೋಕೆ ಹೋಗಲ್ಲ.

ನಾನು 57 ಮಾಡಿದೆ. ರೂಟರ್ ಪೇಜ್‌ನಲ್ಲಿ ಲ್ಯಾನ್ (ಮನೆಯೊಳಗಿನ ನೆಟ್‌ವರ್ಕ್) ವಿಳಾಸವನ್ನು 192.168.57.1 ಅಂತ ಬದಲಾಯಿಸಿ ಸೇವ್ ಒತ್ತಿದೆ. ಆ ಹೊತ್ತಿಗೆ ತಂಗಿ ಆನ್‌ಲೈನ್ ಕ್ಲಾಸ್‌ನಲ್ಲಿದ್ದಳು ಅನ್ನೋದನ್ನು ಮರೆತಿದ್ದೆ. "ಅಣ್ಣಾ!" ಅಂದಳು, ಅಷ್ಟೇ, ಉಳಿದದ್ದು ಬರೆಯೋ ಹಾಗಿಲ್ಲ. ಇನ್ನೊಂದು ಎಡವಟ್ಟು ಏನಂದರೆ, ಎರಡು ವರ್ಷದ ಹಿಂದೆ ನಾನೇ ಜಾಣತನ ಮಾಡಿ ಪ್ರಿಂಟರ್‌ಗೆ 1.50 ಅಂತ ಕೈಯಿಂದ ವಿಳಾಸ ಕೊಟ್ಟಿದ್ದೆ. ಬೀದಿಯೇ ಬದಲಾದರೂ ಅದು ಹಳೇ ಮನೆಯಲ್ಲೇ ಕೂತಿತ್ತು. ಅದರ ಪುಟ್ಟ ಪರದೆಯಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ ಬೆರಳು ನೋಯಿಸಿಕೊಂಡು ಆಟೋಮ್ಯಾಟಿಕ್‌ಗೆ ತಂದೆ. ಆಮೇಲೆ ರೂಟರ್‌ನಲ್ಲೇ ಡಿಎಚ್‌ಸಿಪಿ (ರೂಟರ್ ತಾನೇ ವಿಳಾಸ ಹಂಚೋ ವ್ಯವಸ್ಥೆ) ರಿಸರ್ವೇಶನ್ ಮಾಡಿ 57.50 ಕಾದಿರಿಸಿದೆ. ಮೊದಲೇ ಹೀಗೆ ಮಾಡಬೇಕಿತ್ತು.

ರೂಟರ್ ಮುಟ್ಟದೆ, ಪ್ರಿಂಟರ್ ಒಂದಕ್ಕೇ /32 ದಾರಿ ಸೇರಿಸೋದೂ ಒಂದು ಉಪಾಯ. ಅದಕ್ಕಿಂತ ನಿಖರ ಯಾವುದೂ ಇಲ್ಲ. ಆದರೆ ಕೆಲವು ಆಫೀಸ್ ವಿಪಿಎನ್‌ಗಳು ಪಟ್ಟಿಯನ್ನು ಕಾಯುತ್ತಾ ಕೂತು, ನಾವು ಸೇರಿಸಿದ್ದನ್ನು ಕಿತ್ತು ಹಾಕುತ್ತವೆ. ಅವರು ಬೇಕು ಅಂತಲೇ ಲೋಕಲ್, ಅಂದರೆ ಮನೆಯ ನೆಟ್‌ವರ್ಕ್, ತಡೆದಿದ್ದರೆ ನಾವು ಕಳ್ಳದಾರಿ ಹುಡುಕೋದು ನನಗೆ ಸರಿ ಕಾಣಲ್ಲ. ಕೇಳಿಬಿಡಿ. ಆ್ಯಪ್‌ನಲ್ಲಿ 'ಲೋಕಲ್ ಲ್ಯಾನ್' ಟಿಕ್ ಇದ್ದರೂ ಎಷ್ಟೋ ಕಡೆ ಆ ಕಡೆಯ ಸರ್ವರ್ ಒಪ್ಪಿದರೆ ಮಾತ್ರ ಅದಕ್ಕೆ ಬೆಲೆ.

ನಿಮ್ಮದೇ ವೈರ್‌ಗಾರ್ಡ್ ವಿಪಿಎನ್ ಇದ್ದರೆ ಕಥೆ ಬೇರೆ. ವಿಂಡೋಸ್ ಆ್ಯಪ್‌ನಲ್ಲಿ 'ಅಲೌಡ್ ಐಪಿಸ್' (ಯಾವ ವಿಳಾಸಗಳು ಟನಲ್‌ಗೆ ಹೋಗಬೇಕು ಅನ್ನೋ) ಸಾಲು 0.0.0.0/0 ಅಂತಿದ್ದರೆ, ಟನಲ್ ಬಿಟ್ಟು ಹೊರಗೆ ಹೋಗೋದನ್ನೆಲ್ಲ ತಡೆಯೋ ಕಿಲ್ ಸ್ವಿಚ್ ಟಿಕ್ ಬಾಕ್ಸ್ ಕಾಣುತ್ತದೆ. ಆ ಟಿಕ್ ತೆಗೆದರೆ ಸಾಲು 0.0.0.0/1, 128.0.0.0/1 ಅಂತ ಎರಡು ಹೋಳಾಗುತ್ತದೆ. ಇಂಟರ್ನೆಟ್ ಪೂರ್ತಿ ಟನಲ್‌ನಲ್ಲೇ ಹೋಗುತ್ತದೆ, ಮನೆಯ ಬೀದಿ ಮಾತ್ರ ತೆರೆದುಕೊಳ್ಳುತ್ತದೆ. ಎರಡು ಹೋಳು ಸೇರಿದರೆ ಅದೇ ಪೂರ್ತಿ ರೊಟ್ಟಿ ತಾನೇ, ಆದರೂ ಆ್ಯಪ್ ಅದನ್ನು ಬೇರೆ ಥರ ನೋಡುತ್ತದೆ.

ಲೋಕಲ್ ದಾರಿಯನ್ನು ಎಲ್ಲೆಲ್ಲೂ ತೆರೆದಿಡಬೇಡಿ ಮತ್ತೆ. 2023ರ ಆಗಸ್ಟ್‌ನಲ್ಲಿ ಹೊರಬಂದ ಟನಲ್‌ಕ್ರ್ಯಾಕ್ ಸಂಶೋಧನೆ ತೋರಿಸಿದ್ದು ಇದನ್ನೇ. ವೈಫೈ ಕೊಡುವವನು ಕೆಟ್ಟವನಾಗಿದ್ದರೆ, ಯಾವುದೋ ವೆಬ್‌ಸೈಟಿನ ವಿಳಾಸವನ್ನೇ 'ಇದು ಇಲ್ಲಿನ ಬೀದಿ' ಅಂತ ನಂಬಿಸಬಹುದು, ಆಗ ಅಲ್ಲಿಗೆ ಹೋಗೋದು ಟನಲ್ ಹೊರಗಿಂದ ಹೋಗುತ್ತದೆ. ನಾನು ಮನೆಯಲ್ಲಿ ಲೋಕಲ್ ಬಿಟ್ಟಿರುತ್ತೇನೆ, ಸ್ಟೇಷನ್ನು, ಲಾಡ್ಜಿನ ವೈಫೈ ಅಂದರೆ ಮುಚ್ಚಿಬಿಡುತ್ತೇನೆ.

ದಾರಿ ಸರಿಯಾದ ಮೇಲೂ ಲ್ಯಾಪ್‌ಟಾಪ್ ಪ್ರಿಂಟರನ್ನು ಹುಡುಕಿಕೊಳ್ಳಲಿಲ್ಲ. ಹೆಸರು ಹುಡುಕೋದು ಎಂಡಿಎನ್‌ಎಸ್, ಅದು 224.0.0.251ಕ್ಕೆ 'ಯಾರಿದ್ದೀರಿ' ಅಂತ ಕೂಗುತ್ತದೆ. ವಿಪಿಎನ್ ಇದ್ದಾಗ ಆ ಕೂಗು ಮನೆಯಲ್ಲಿ ಕೇಳಿಸದೇ ಹೋಗಬಹುದು. ಹೆಸರಿನ ಗೊಡವೆ ಬಿಟ್ಟು ನೇರವಾಗಿ ಐಪಿ ವಿಳಾಸ ಕೊಟ್ಟು ಪ್ರಿಂಟರ್ ಸೇರಿಸಿದೆ, 9100 ಪೋರ್ಟ್. ವಿಪಿಎನ್ ಹಾಕೇ ಪಹಣಿ ಕಳಿಸಿದೆ. ಕೆಳಗೆ ಗರ್ ಅಂತ ಸದ್ದಾಯಿತು.

"ಬಂತು," ಅಂದರು ಅಪ್ಪ. ಸ್ವಲ್ಪ ಹೊತ್ತು ಬಿಟ್ಟು, "ಎರಡನೇ ಪುಟ ಮಸುಕಾಗಿದೆ ಕಣೋ, ಇಂಕ್ ಮುಗೀತಾ?"