ಬ್ಯಾಗಲ್ಲಿ ಏನಿದೆ ಅಂತ ಕಳ್ಳನಿಗೇನು ಗೊತ್ತು

ಕಾರ್ ಗ್ಲಾಸ್ ಒಡೆದು ಬ್ಯಾಗ್ ಎತ್ಕೊಂಡು ಹೋಗಿದಾರೆ ಅಂದ್ರೆ ಎಲ್ರೂ ಮೊದ್ಲು ಕೇಳೋದು "ಅಯ್ಯೋ, ಒಳಗೇನಿತ್ತು?" ಅಂತ. ನಮ್ಮಕ್ಕನ ಬ್ಯಾಗಲ್ಲಿ ಹೇಳ್ಕೊಳೋ ಅಂಥದ್ದು ಏನೂ ಇರ್ಲಿಲ್ಲ. ಟೈಲರ್‌ಗೆ ಕೊಡೋಕೆ ಇಟ್ಕೊಂಡಿದ್ದ ಎರಡು ಬ್ಲೌಸ್ ಪೀಸು, ಚಾರ್ಜ್ ನಿಲ್ಲದ ಹಳೇ ಪವರ್ ಬ್ಯಾಂಕು, ನೀರಿನ ಬಾಟ್ಲು, ಬೆಸ್ಕಾಂ ಬಿಲ್ಲು, ಮನೆ ಬೀಗದ ಕೈ. ಇಷ್ಟಕ್ಕೆ ಒಂದಿಡೀ ಶನಿವಾರ ಹೋಯ್ತು, ದುಡ್ಡೂ ಹೋಯ್ತು.

ಅಕ್ಕ ಭಾವ ಇಬ್ರೂ ವೀಕೆಂಡ್ ಬಂದ್ರೆ ಲಾಲ್‌ಬಾಗಿಗೆ ವಾಕಿಂಗ್ ಹೋಗ್ತಾರೆ. ಅವತ್ತು ವೆಸ್ಟ್ ಗೇಟ್ ಹತ್ರದ ಒಂದು ಅಡ್ಡರಸ್ತೇಲಿ, ಬಿಸಿಲು ಬೀಳ್ದಿರೋ ಹಾಗೆ ಮರದ ಕೆಳಗೆ, ಯಾರದೋ ಕಾಂಪೌಂಡ್ ಗೋಡೆಗೆ ಒತ್ತಿ ನಿಲ್ಸಿದ್ರು. ವಾಪಸ್ ಬಂದು ನೋಡಿದ್ರೆ ಎಡಗಡೆ ಹಿಂದಿನ ಗ್ಲಾಸೇ ಇಲ್ಲ. ನಾನಿರೋದು ಜಯನಗರದಲ್ಲಿ, "ಬೇಗ ಬಾರೋ, ಗ್ಲಾಸ್ ಒಡೆದಿದಾರೆ ಕಣೋ" ಅಂತ ಫೋನ್ ಬಂದ ತಕ್ಷಣ ಗಾಡಿ ತಗೊಂಡು ಹೋದೆ. ಹೋದಾಗ ಭಾವ ಸೀಟ್ ಮೇಲಿನ ಗಾಜು ಗುಡಿಸೋಕೆ ಶುರು ಮಾಡ್ತಿದ್ರು, ಅದನ್ನ ನಿಲ್ಸಿ ಮೊದ್ಲು ಎಲ್ಲಾ ಕಡೆಯಿಂದ ಫೋಟೋ ತೆಗ್ದೆ, ಪೊಲೀಸರೂ ಕೇಳ್ತಾರೆ ಇನ್ಶೂರೆನ್ಸ್‌ನವ್ರೂ ಕೇಳ್ತಾರೆ.

ಭಾವನಿಗೆ ಒಂದೇ ಆಶ್ಚರ್ಯ, ಅಲಾರಂ ಯಾಕೆ ಹೊಡ್ಕೊಳ್ಳಲಿಲ್ಲ ಅಂತ. ಸಾಮಾನ್ಯ ಹ್ಯಾಚ್‌ಬ್ಯಾಕ್‌ಗಳಲ್ಲಿ ಕಂಪನಿಯಿಂದ ಬರೋ ಅಲಾರಂ ಹೆಚ್ಚಾಗಿ ಡೋರ್ ಓಪನ್ ಆದ್ರೆ ಮಾತ್ರ ಕೂಗತ್ತೆ, ಇಲ್ಲಿ ಡೋರ್ ಯಾರು ತೆಗೆದ್ರು, ಗಾಜು ಒಡೆದು ಕೈ ಹಾಕಿ ಬ್ಯಾಗ್ ಎಳ್ಕೊಂಡು ಹೋಗಿದಾರೆ. ಲಾಕ್ ಹಾಕಿದ್ದು ಹಾಕ್ದಂಗೇ ಇತ್ತು. ಸ್ವಲ್ಪ ದೂರದಲ್ಲಿ ಎಳನೀರಿನವನಿದ್ದ, ಅವನಿಗೆ ಏನೂ ಕೇಳ್ಸಿಲ್ವಂತೆ. ಗೋಡೆ ಕಡೆ ಗ್ಲಾಸ್ ಆಗಿದ್ರಿಂದ ಅವನಿಗೆ ಕಾಣೋ ಚಾನ್ಸೂ ಇರ್ಲಿಲ್ಲ. ನೆರಳಿಗಿಂತ ಆ ಎಳನೀರು ಗಾಡಿ ಪಕ್ಕದಲ್ಲೇ ಬಿಸಿಲಲ್ಲಿ ನಿಲ್ಸೋದು ವಾಸಿ ಅಂತ ನಂಗೆ ಅನ್ಸಿದ್ದು ಆಗ್ಲೇ.

ನಾವು ಗ್ಲಾಸ್ ಎಷ್ಟಾಗತ್ತೆ ಅಂತ ಲೆಕ್ಕ ಹಾಕ್ತಾ ಇದ್ರೆ ಅಕ್ಕ ಇದ್ದಕ್ಕಿದ್ದಂಗೆ "ರೀ, ಮನೆ ಕೀ!" ಅಂದ್ಳು. ಕೀ ಜೊತೆಗೆ ಬೆಸ್ಕಾಂ ಬಿಲ್ಲು, ಬಿಲ್ಲಲ್ಲಿ ಹೆಸರು ವಿಳಾಸ ಎಲ್ಲಾ ಇದೆ. ಮನೇಲಿ ಇದ್ದಿದ್ದು ಭಾವನ ಅಮ್ಮ ಒಬ್ರೇ. ಅಕ್ಕ ಫೋನ್ ಮಾಡಿ "ಅತ್ತೆ, ಒಳಗಿಂದ ಚಿಲಕ ಹಾಕ್ಕೊಳ್ಳಿ, ಯಾರ್ ಬಂದ್ರೂ ತೆಗೀಬೇಡಿ, ಕೊರಿಯರ್ ಅಂದ್ರೂ ತೆಗೀಬೇಡಿ" ಅಂತಾಳೆ, ಆ ಕಡೆಯಿಂದ ಅವ್ರು "ಹಾಲಿನವ್ರಿಗೆ ದುಡ್ಡು ಕೊಡ್ಬೇಕಲ್ಲಮ್ಮ" ಅಂತಾರೆ. ಅಲ್ಲೀವರ್ಗೂ ಬ್ಲೌಸ್ ಪೀಸ್ ಹೋಯ್ತು ಅನ್ಕೊಂಡಿದ್ದ ನಮಗೆ ಈಗ ನಿಜವಾಗ್ಲೂ ಕೈಕಾಲು ಆಡಲಿಲ್ಲ. ಭಾವನ್ನ ಆಟೋ ಹತ್ತಿಸಿ ಮನೆಗೆ ಕಳ್ಸಿದ್ವಿ, ದಾರೀಲೇ ಬೀಗ ರಿಪೇರಿಯವ್ರಿಗೆ ಫೋನ್ ಮಾಡ್ಕೊಂಡು ಹೋದ್ರು. ಮೇನ್ ಡೋರ್ ಲಾಕ್ ಪೂರ್ತಿ ಬದಲಾಯಿಸ್ಬೇಕಾಗ್ಲಿಲ್ಲ, ಕೀ ಹಾಕಿ ತಿರುಗಿಸೋ ಸಿಲಿಂಡರ್ ಒಂದನ್ನೇ ತೆಗೆದು ಹೊಸದು ಹಾಕಿದ್ರೆ ಹಳೇ ಕೀಗಳೆಲ್ಲ ವೇಸ್ಟು, ಅರ್ಧ ಗಂಟೆ ಕೆಲಸ ಅಷ್ಟೇ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಬಾಗಿಲೇ ಕೊರೀಬೇಕು ಅನ್ಕೋತಾರೆ.

ನಾನೂ ಅಕ್ಕನೂ ಸ್ಟೇಷನ್ನಿಗೆ ಹೋದ್ವಿ. ಅಲ್ಲಿದ್ದವ್ರು "ಬೆಲೆಬಾಳೋದು ಏನೂ ಇಲ್ವಲ್ಲ ಮೇಡಂ, ಮೊಬೈಲಲ್ಲೇ ಇ-ಲಾಸ್ಟ್ ಹಾಕ್ಬಿಡಿ" ಅಂದ್ರು. ಇ-ಲಾಸ್ಟ್ ಅನ್ನೋ ಪೊಲೀಸರ ಆನ್‌ಲೈನ್ ವರದಿ ಇರೋದು ಎಲ್ಲೋ ಬೀಳಿಸ್ಕೊಂಡ ಸಾಮಾನಿಗೆ, ಗ್ಲಾಸ್ ಒಡೆದು ಕದ್ದಿದ್ದಕ್ಕೆ ಅಲ್ಲ. ನಾಳೆ ಆ ಕೀ ಹಿಡ್ಕೊಂಡು ಯಾರಾದ್ರೂ ಮನೆಗೆ ನುಗ್ಗಿದ್ರೆ ನಮ್ಮ ಹತ್ರ ಒಂದು ಕಾಗದ ಇರ್ಬೇಕಲ್ವಾ ಸಾರ್ ಅಂತ ಸಮಾಧಾನವಾಗೇ ಹೇಳ್ದೆ, ಕಂಪ್ಲೇಂಟ್ ಬರ್ಕೊಟ್ವಿ, ಸ್ವಲ್ಪ ಹೊತ್ತು ಕೂರ್ಸಿ ಎಫ್‌ಐಆರ್ ಮಾಡಿದ್ರು. 2024ರ ಜುಲೈ 1ರಿಂದ ಐಪಿಸಿ 379ರ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303 ಬಂದಿದೆ, ಕಳ್ಳತನದ ಸೆಕ್ಷನ್ ಅದೇ. ಎಫ್‌ಐಆರ್ ಕಾಪಿ ದೂರು ಕೊಟ್ಟವರಿಗೆ ಫ್ರೀಯಾಗಿ ಕೊಡ್ಲೇಬೇಕು, ಕೇಳಿ ಇಸ್ಕೊಂಡ್ವಿ. ಬ್ಯಾಗಲ್ಲಿ ಮೊಬೈಲ್ ಇದ್ದಿದ್ರೆ ಸರ್ಕಾರದ ಸಂಚಾರ್ ಸಾಥಿ ಸೈಟಲ್ಲಿ ಸಿಇಐಆರ್ ಅಂತ ಇದೆ, ಅಲ್ಲಿ ಐಎಂಇಐ, ಅಂದ್ರೆ ಫೋನಿನ ಗುರುತಿನ ನಂಬರ್, ಬ್ಲಾಕ್ ಮಾಡ್ಬೋದಿತ್ತು, ಪುಣ್ಯಕ್ಕೆ ಫೋನ್ ಅಕ್ಕನ ಕೈಯಲ್ಲೇ ಇತ್ತು.

ಅಲ್ಲಿಂದ ಜೆಸಿ ರೋಡು. ಆಟೋಮೊಬೈಲ್ ಸಾಮಾನು ಅಂದ್ರೆ ಬೆಂಗಳೂರಿನವ್ರು ಹೋಗೋದು ಅಲ್ಲಿಗೇ ತಾನೇ. ಅಲ್ಲಿ ಗ್ಲಾಸ್ ಹಾಕೋ ಒಬ್ರು ವಯಸ್ಸಾದ ಭಾಯ್, ಕಾರ್ ಸುತ್ತ ಒಂದು ರೌಂಡ್ ಹಾಕಿ ಸೀದಾ ಡಿಕ್ಕಿ ಓಪನ್ ಮಾಡಿ ನೋಡಿದ್ರು. "ಮೇಡಂ, ಪಾರ್ಸಲ್ ಟ್ರೇ ಎಲ್ಲಿ?" ಅಂದ್ರು. ಹಿಂದಿನ ಸೀಟಿನ ಹಿಂದೆ ಡಿಕ್ಕಿ ಮುಚ್ಚೋಕೆ ಇರತ್ತಲ್ಲ ಹಲಗೆ, ತರಕಾರಿ ಮೂಟೆ ಹಿಡ್ಸಲ್ಲ ಅಂತ ಅಕ್ಕ ಅದನ್ನ ಯಾವತ್ತೋ ತೆಗೆದು ಅಟ್ಟಕ್ಕೆ ಹಾಕಿದ್ಲು. ಅದಿಲ್ದಿದ್ರೆ ಡಿಕ್ಕೀಲಿ ಇಟ್ಟಿದ್ದೂ ಹೊರಗಿಂದ ಕಾಣತ್ತೆ.

ಆಮೇಲೆ ಅವ್ರು ಡೋರ್ ಪ್ಯಾಡ್ ಬಿಚ್ಚಿದ್ರು ನೋಡಿ, ಅದನ್ನ ನಾನು ಮರೆಯಲ್ಲ. ಸೈಡ್ ಗ್ಲಾಸ್ ಟಫನ್ಡ್, ಒಡೆದ್ರೆ ಚೂಪಾಗಿ ಸೀಳಲ್ಲ, ಕಲ್ಲುಸಕ್ಕರೆ ಥರ ಪುಡಿಪುಡಿ ಆಗತ್ತೆ. ಆ ಪುಡಿ ಅರ್ಧಕ್ಕರ್ಧ ಡೋರ್ ಹೊಟ್ಟೆಯೊಳಗೆ ಇಳಿದಿತ್ತು, ಗ್ಲಾಸ್ ಏರಿಸಿ ಇಳಿಸೋ ಮಷೀನ್ ಸಂದೀಲೆಲ್ಲ, ಸೀಟ್ ಬೆಲ್ಟ್ ಕೊಕ್ಕೆ ಒಳಗೂ ಎರಡು ಹರಳು ಸಿಕ್ಕಿಹಾಕ್ಕೊಂಡಿತ್ತು. ವ್ಯಾಕ್ಯೂಮ್ ಹಾಕಿ, ಕೈಯಲ್ಲಿ ಆರ್ಸಿ, ಡೋರ್‌ನ ಟಪಟಪ ಬಡಿದು ಮತ್ತೆ ವ್ಯಾಕ್ಯೂಮ್ ಹಾಕಿದ್ರು. ಮುಂದಿನ ಗ್ಲಾಸ್ ಲ್ಯಾಮಿನೇಟೆಡ್, ಮಧ್ಯೆ ಪ್ಲಾಸ್ಟಿಕ್ ಹಾಳೆ ಇರೋದ್ರಿಂದ ಒಡೆದ್ರೂ ಹಿಡ್ಕೊಂಡಿರತ್ತೆ, ಅದಕ್ಕೇ ಕಳ್ಳರ ಕೈ ಹೋಗೋದು ಸೈಡಿಗೇ. ಹೊಸ ಗ್ಲಾಸ್ ಮೂಲೇಲಿ ಐಎಸ್‌ಐ ಮಾರ್ಕ್ ತೋರ್ಸಿ ಹಾಕಿದ್ರು, ಎಲ್ಲಾ ಸೇರಿ ಎರಡು ಸಾವಿರ ಚಿಲ್ರೆ.

ಕೆಲಸ ಮಾಡ್ತಾ ಮಾಡ್ತಾ ಭಾಯ್ ಹೇಳಿದ್ದೇ ನಂಗೆ ಮುಖ್ಯ ಅನ್ಸಿದ್ದು. ಇಂಥ ಕಳ್ಳ ಕಾರ್ ಕದಿಯೋನಲ್ಲ ಸಾರ್, ನಡ್ಕೊಂಡು ಹೋಗ್ತಾ ಒಂದ್ಸಲ ಇಣುಕ್ತಾನೆ, ಬ್ಯಾಗ್ ಕಂಡ್ರೆ ಒಡೀತಾನೆ, ಕಾಣ್ಲಿಲ್ಲ ಅಂದ್ರೆ ಮುಂದಿನ ಕಾರ್ ನೋಡ್ತಾನೆ, ಖಾಲಿ ಟಿಫನ್ ಬ್ಯಾಗಿಗೂ ಒಡೆಸ್ಕೊಂಡು ಬಂದವ್ರಿದಾರೆ ಅಂತ. ಡಿಕ್ಕಿಗೆ ಹಾಕೋರು ಮನೆಯಿಂದ ಹೊರಡೋವಾಗ್ಲೇ ಹಾಕ್ಬೇಕು. ಪಾರ್ಕ್ ಮಾಡಿ, ಇಳಿದು, ಎಲ್ರೆದುರಿಗೆ ಬ್ಯಾಗ್ ತೆಗೆದು ಡಿಕ್ಕಿಗಿಟ್ಟು ವಾಕಿಂಗ್ ಹೊರಟ್ರೆ, ಮೂಲೇಲಿ ಬೈಕ್ ಮೇಲೆ ಕೂತೋನಿಗೆ ನಾವೇ ವಿಳಾಸ ಕೊಟ್ಟಂಗೆ. ಮೊಬೈಲ್ ಸ್ಟ್ಯಾಂಡ್ ಬಿಚ್ಚಿಟ್ರೂ ಗ್ಲಾಸ್ ಮೇಲೆ ರಬ್ಬರಿನ ದುಂಡನೆ ಗುರುತು ಉಳಿದಿರತ್ತಲ್ಲ, ಅದನ್ನ ನೋಡಿದ್ರೂ ಒಳಗೆಲ್ಲೋ ಏನೋ ಇದೆ ಅನ್ಕೋತಾನೆ, ಅದನ್ನೂ ಒರೆಸಿ ಅಂದ್ರು.

ಭಾವ ಫೋನಲ್ಲೇ "ಕಪ್ಪು ಫಿಲ್ಮ್ ಹಾಕ್ಸಿಬಿಡು" ಅಂದ್ರು. ಭಾಯ್ ಬೇಡ ಅಂತ ಕೈ ಆಡ್ಸಿಬಿಟ್ರು. 2012ರಲ್ಲಿ ಸುಪ್ರೀಂ ಕೋರ್ಟ್ ಆರ್ಡರ್ ಆದ್ಮೇಲೆ ಅದೆಲ್ಲ ಬ್ಯಾನು, ಸೈಡ್ ಗ್ಲಾಸಲ್ಲಿ ಕನಿಷ್ಠ 50 ಪರ್ಸೆಂಟು, ಹಿಂದೆ ಮುಂದೆ 70 ಪರ್ಸೆಂಟು ಬೆಳಕು ಹಾಯ್ಬೇಕು, ಟ್ರಾಫಿಕ್‌ನವ್ರು ಹಿಡಿದು ಕೀಳಿಸ್ತಾರೆ.

ಇನ್ಶೂರೆನ್ಸ್ ಕ್ಲೇಮ್ ಮಾಡ್ಲಿಲ್ಲ. ಕಾರ್ ಪಾಲಿಸಿ ಗ್ಲಾಸಿಗೆ ಕೊಡತ್ತೆ, ಒಳಗಿರೋ ಬ್ಯಾಗಿಗೆ ಬೇರೆ ಆಡ್ ಆನ್ ತಗೊಂಡಿರ್ಬೇಕು. ಎರಡು ಸಾವಿರಕ್ಕೆ ಕ್ಲೇಮ್ ಮಾಡಿ ಭಾವನ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್, ಅಂದ್ರೆ ಕ್ಲೇಮ್ ಮಾಡ್ದೆ ಇದ್ದಿದ್ದಕ್ಕೆ ಪ್ರೀಮಿಯಮ್ಮಲ್ಲಿ ಸಿಗೋ ರಿಯಾಯಿತಿ, ಕಳ್ಕೊಳೋದು ಯಾವ ಲೆಕ್ಕ.

ಇನ್ನೊಂದು ಬಗೆ ಇದೆ, ಕಾರಲ್ಲಿ ಕೂತಿರೋವಾಗ್ಲೇ ಮಾಡೋದು. ಬ್ಯಾಂಕಿಂದ ದುಡ್ಡು ತಗೊಂಡು ಬಂದವ್ರಿಗೆ "ಸಾರ್ ನಿಮ್ ದುಡ್ಡು ಬಿದ್ದಿದೆ" ಅಂತ ಹತ್ತರ ನೋಟು ತೋರ್ಸ್ತಾರೆ, ಇಲ್ಲಾ ಇಂಜಿನ್ನಿಂದ ಆಯಿಲ್ ಸೋರ್ತಿದೆ ಅಂತಾರೆ, ನಾವು ಇಳಿದು ಬಗ್ಗಿ ನೋಡೋಷ್ಟರಲ್ಲಿ ಆ ಕಡೆ ಡೋರಿಂದ ಬ್ಯಾಗ್ ಮಾಯ. ಪೇಪರಲ್ಲಿ ಗಮನ ಬೇರೆಡೆ ಸೆಳೆದು ಕಳವು ಅಂತ ಬರತ್ತಲ್ಲ, ಅದು. ಇದಕ್ಕೆ ಅಲಾರಂ ಕ್ಯಾಮೆರಾ ಯಾವುದೂ ಆಗಲ್ಲ, ಯಾರೇನೇ ಅಂದ್ರೂ ಗ್ಲಾಸ್ ಇಳಿಸ್ದೆ ಗಾಡಿ ಮುಂದೆ ತಗೊಂಡು ಹೋಗಿ ಜನ ಇರೋ ಕಡೆ ನಿಲ್ಸಿ ನೋಡೋದು ಒಂದೇ ದಾರಿ.

ಭಾವ ಅಷ್ಟೆಲ್ಲ ಆದ್ಮೇಲೂ ಆನ್‌ಲೈನಲ್ಲಿ ಸ್ಟೀರಿಂಗ್ ಲಾಕ್ ತರ್ಸಿದಾರೆ. ಕಾರೇ ಕದಿಯೋರಿಗೆ ಅದು ಸರಿ, ಗ್ಲಾಸ್ ಒಡೆಯೋನಿಗೆ ಏನ್ ಮಾಡತ್ತೆ ಅಂತ ಹೇಳಿದ್ರೆ "ಇರ್ಲಿ ಬಿಡಪ್ಪಾ" ಅಂತಾರೆ. ಪಾರ್ಸಲ್ ಟ್ರೇ ಅಟ್ಟದಿಂದ ಇಳಿದಿದೆ. ಆರ್‌ಸಿ ಡಿಜಿಲಾಕರಲ್ಲಿದ್ರೆ ಸಾಕು ಅಂತ ಒರಿಜಿನಲ್ ಮನೆಗೆ ಹೋಗಿದೆ. ಅಕ್ಕನ ಕೀ ಈಗ ಸೊಂಟಕ್ಕೆ ಕಟ್ಕೊಳೋ ಸಣ್ಣ ಪೌಚಲ್ಲಿ. ಪಾರ್ಕ್ ಮಾಡೋವಾಗ ಒಳಗೇನೂ ಇಲ್ಲ ಅಂತ ಇಣುಕೋನಿಗೆ ಕಾಣ್ಲಿ ಅಂತ ಗ್ಲೋವ್ ಬಾಕ್ಸ್ ತೆರೆದಿಟ್ಟೇ ಇಳೀತಾರೆ ಇಬ್ರೂ, ವಾಪಸ್ ಬಂದು ಅದನ್ನ ಮುಚ್ಚೋದು ಮರ್ತು ಹೋಗತ್ತೆ, ಪೆಟ್ರೋಲ್ ಬಂಕಲ್ಲಿ ಹುಡುಗ ಪ್ರತೀ ಸಲ "ಸಾರ್, ಬಾಕ್ಸ್ ಓಪನ್ ಇದೆ" ಅಂತಾನೆ.