ಹೆಸರಿಗಿಂತ ಮೊದಲು ಕೇಳಿದ ಓಣಿ

ಹುಬ್ಬಳ್ಳಿಯ ಗೋಕುಲ ರಸ್ತೆಯ ಬದಿಯ ಒಂದು ಗೋದಾಮಿನಲ್ಲಿ ನಾನು ಭದ್ರತಾ ಮೇಲ್ವಿಚಾರಕನಾಗಿದ್ದಾಗ, ಒಂದು ಮಳೆಗಾಲದಲ್ಲಿ ತಾಮ್ರದ ತಂತಿಯ ಮೂರು ಸುರುಳಿಗಳು ಲೆಕ್ಕಕ್ಕೆ ಸಿಗಲಿಲ್ಲ. ವಿಚಾರಣೆಯ ಹೊಣೆ ನನ್ನ ಮೇಲೆ ಬಿತ್ತು. ಹಿಂದಿನ ರಾತ್ರಿಯ ಪಾಳಿಯಲ್ಲಿ ಇಬ್ಬರು ವಾಚಮನ್‌ಗಳು, ನಾಲ್ವರು ಹಮಾಲರು, ಒಬ್ಬ ಎಲೆಕ್ಟ್ರಿಷಿಯನ್ ಮತ್ತು ಸ್ಟೋರ್ ಕೀಪರ್ ಇದ್ದರು. ಈ ಎಂಟು ಜನರಲ್ಲಿ ನಾನು ಮೊದಲು ಕರೆಸಿದ್ದು ಹಮಾಲರಲ್ಲಿ ಎಲ್ಲರಿಗಿಂತ ಚಿಕ್ಕವರಾಗಿದ್ದ ಒಬ್ಬ ಯುವಕರನ್ನು. ಯಾಕೆಂದು ಆಗ ಯಾರಾದರೂ ಕೇಳಿದ್ದರೆ ಏನೋ ಒಂದು ಕಾರಣ ಹೇಳುತ್ತಿದ್ದೆ. ಆದರೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ನಾನು ಬರೆದುಕೊಂಡಿದ್ದುದು ಒಂದೇ ಶಬ್ದ: ಸೆಟ್ಲಮೆಂಟ್.

ಹುಬ್ಬಳ್ಳಿಯವರಿಗೆ ಈ ಶಬ್ದವನ್ನು ವಿವರಿಸಬೇಕಾಗಿಲ್ಲ; ಹೊರಗಿನವರಿಗೆ ವಿವರಿಸಬೇಕು. ಬ್ರಿಟಿಷ್ ಸರಕಾರ 1871ರಲ್ಲಿ ಒಂದು ಕಾಯ್ದೆ ಮಾಡಿ, ಕೆಲವು ಸಮುದಾಯಗಳನ್ನು ಇಡಿಯಾಗಿ, ಹುಟ್ಟಿದ ಕೂಸನ್ನೂ ಬಿಡದೆ, ಅಪರಾಧಿ ಬುಡಕಟ್ಟುಗಳೆಂದು ಸಾರಿತು. ಮೊದಲು ಉತ್ತರ ಭಾರತದ ಪ್ರಾಂತಗಳಿಗೆ ಸೀಮಿತವಾಗಿದ್ದ ಈ ವ್ಯವಸ್ಥೆ 1911ರ ಕಾಯ್ದೆಯ ಮೂಲಕ ಮುಂಬೈ ಪ್ರಾಂತಕ್ಕೂ ಬಂದಿತು. ಆಗ ಆ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ ಮತ್ತು ಗದಗಗಳಲ್ಲಿ ಇಂಥ ಕುಟುಂಬಗಳನ್ನು ತಂದು ನೆಲೆಗೊಳಿಸಿದ ವಸತಿಗಳೇ ಸೆಟ್ಲಮೆಂಟ್‌ಗಳು. ಅಲ್ಲಿದ್ದವರು ಹಾಜರಿ ಕೊಡಬೇಕಿತ್ತು. ಪಾಸ್ ಇಲ್ಲದೆ ಹೊರಗೆ ಹೋಗುವಂತಿರಲಿಲ್ಲ. 1952ರ ಆಗಸ್ಟ್ 31ರಂದು ಆ ಕಾಯ್ದೆ ದೇಶದಾದ್ಯಂತ ರದ್ದಾಯಿತು. ಓಣಿಯ ಹೆಸರು ಮಾತ್ರ ಉಳಿಯಿತು. ಅಂದು ಪಟ್ಟಿಗೆ ಸೇರಿದ ಒಂದು ಸಮುದಾಯವಂತೂ ಸರಕಾರಿ ದಾಖಲೆಗಳಲ್ಲಿ ಇಂದಿಗೂ ಗಂಟಿಚೋರ್ ಎಂಬ ಹೆಸರನ್ನೇ ಹೊತ್ತಿದೆ. ಆಪಾದನೆಯೇ ಹೆಸರಾಗಿ ನಿಂತಾಗ ಆ ಮನೆಯ ಮಗು ಶಾಲೆಯಲ್ಲಿ ಏನೆಂದು ಹೇಳಿಕೊಳ್ಳಬೇಕು ಎಂಬುದನ್ನು ನಾನು ಬಹಳ ತಡವಾಗಿ ಯೋಚಿಸಿದೆ.

ಅಂದಿನ ವಿಚಾರಣೆಯಲ್ಲಿ ಸ್ಟೋರ್ ಕೀಪರರಿಗೆ ನಾನು "ಬರ್ರಿ, ಕೂಡ್ರಿ" ಎಂದಿದ್ದೆ. ಆ ಯುವಕರನ್ನು "ಬಾರೋ ಇಲ್ಲಿ" ಎಂದು ಕರೆದು, ಮೇಜಿನ ಮುಂದೆ ನಿಲ್ಲಿಸಿಯೇ ಮಾತನಾಡಿಸಿದೆ. ಸ್ಟೋರ್ ಕೀಪರರಿಗೆ ಕೇಳಿದ್ದು "ಆ ರಾತ್ರಿ ಏನಾಯಿತು" ಎಂದು. ಇವರಿಗೆ ಕೇಳಿದ್ದು "ಎಲ್ಲಿಟ್ಟಿದ್ದೀ" ಎಂದು. ಆ ಯುವಕರು ಬೆವರಿದರು. ಊಟಕ್ಕೆ ಹೋದ ಹೊತ್ತನ್ನು ಮೊದಲ ಸಲ ಒಂದು ತರಹ, ಎರಡನೆಯ ಸಲ ಇನ್ನೊಂದು ತರಹ ಹೇಳಿದರು. ಇವೆರಡನ್ನೂ ನಾನು ಸಾಕ್ಷ್ಯವೆಂದೇ ಬರೆದುಕೊಂಡೆ. ಎಲೆಕ್ಟ್ರಿಷಿಯನ್ನರ ಹೇಳಿಕೆಯಲ್ಲಿಯೂ ಹೊತ್ತು ಹೊಂದಿರಲಿಲ್ಲ. ಅದನ್ನು ಮರೆವು ಎಂದುಕೊಂಡೆ. ಆ ಯುವಕರನ್ನು ಕೆಲಸದಿಂದ ಬಿಡಿಸಬೇಕೆಂಬ ನನ್ನ ವರದಿ ಮರುದಿನವೇ ಕಚೇರಿಗೆ ಹೋಯಿತು.

ಹನ್ನೆರಡು ದಿನಗಳ ನಂತರ ಸುರುಳಿಗಳು ಸಿಕ್ಕವು. ಅವು ಕಳುವಾಗಿರಲೇ ಇಲ್ಲ. ಚಲನ್ ಮೇಲೆ ಇನ್ನೊಂದು ಘಟಕಕ್ಕೆ ಹೋಗಿದ್ದವು, ದಾಸ್ತಾನು ಪುಸ್ತಕದಲ್ಲಿ ನಮೂದಾಗಿರಲಿಲ್ಲ, ಅಷ್ಟೇ. ಚಲನ್ ಪುಸ್ತಕವನ್ನು ಮೊದಲ ದಿನವೇ ತೆರೆದಿದ್ದರೆ ಹತ್ತು ನಿಮಿಷದಲ್ಲಿ ಮುಗಿಯುವ ವಿಚಾರಣೆ ಅದಾಗಿತ್ತು. ಬಾಕಿ ಪಗಾರಕ್ಕೆಂದು ಬಂದ ಆ ಯುವಕರು ನನ್ನೆದುರು ನಿಂತು ಹೇಳಿದ್ದು ಇಷ್ಟು: "ಸರ, ನೀವು ನನ್ನ ಹೆಸರು ಕೇಳೂಕಿಂತ ಮೊದಲ ಓಣಿ ಕೇಳಿದ್ರಿ."

ಪೂರ್ವಗ್ರಹ, ಪಕ್ಷಪಾತ, ತಾರತಮ್ಯ ಎಂಬ ಮೂರು ಪದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಆ ಮಾತಿನ ನಂತರ ನನಗೆ ಅವು ಬೇರೆ ಬೇರೆಯಾಗಿ ಕಾಣತೊಡಗಿದವು. ಓಣಿಯ ಹೆಸರು ಕಿವಿಗೆ ಬಿದ್ದೊಡನೆ ಮನಸ್ಸಿನಲ್ಲಿ ಎದ್ದ ಗುಮಾನಿ ಪೂರ್ವಗ್ರಹ. ಇಬ್ಬರ ಒಂದೇ ತಪ್ಪನ್ನು ಒಬ್ಬರಲ್ಲಿ ಮರೆವೆಂದೂ ಇನ್ನೊಬ್ಬರಲ್ಲಿ ಸುಳ್ಳೆಂದೂ ತೂಗಿದ್ದು ಪಕ್ಷಪಾತ. ಒಬ್ಬರ ಅನ್ನಕ್ಕೆ ಕುತ್ತು ತಂದ ವರದಿ ತಾರತಮ್ಯ. ಮೊದಲನೆಯದು ನನಗೆ ಬಾಲ್ಯದಿಂದ ಬಂದಿರಬಹುದು, ಆದರೆ ಉಳಿದೆರಡನ್ನು ನಾನೇ ನನ್ನ ಕೈಯಿಂದ ಮಾಡಿದೆ.

ತಜ್ಞರಿಗೆ ಹೀಗಾಗುವುದಿಲ್ಲ ಎಂದು ನಾನು ನಂಬಿದ್ದೆ. ಬೆರಳಚ್ಚಿನ ಕತೆ ಓದಿದ ಮೇಲೆ ಆ ನಂಬಿಕೆಯೂ ಹೋಯಿತು. 2004ರ ಮಾರ್ಚ್‌ನಲ್ಲಿ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ರೈಲುಗಳಲ್ಲಿ ಬಾಂಬ್ ಸ್ಫೋಟಿಸಿದಾಗ, ಒಂದು ಚೀಲದ ಮೇಲೆ ಸಿಕ್ಕ ಬೆರಳಚ್ಚು ಅಮೆರಿಕದ ವಕೀಲ ಬ್ರ್ಯಾಂಡನ್ ಮೇಫೀಲ್ಡ್ ಅವರದೇ ಎಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಹೇಳಿತು. ಸ್ಪೇನಿನ ಪೊಲೀಸರು ಅದನ್ನು ಒಪ್ಪಲಿಲ್ಲ. ಆದರೂ ಮೇಫೀಲ್ಡ್ ಎರಡು ವಾರ ಬಂಧನದಲ್ಲಿದ್ದರು. ಕೊನೆಗೆ ಬೆರಳಚ್ಚು ಬೇರೊಬ್ಬನದೆಂದು ತಿಳಿಯಿತು. ಮೇಫೀಲ್ಡ್ ಇಸ್ಲಾಮಿಗೆ ಮತಾಂತರಗೊಂಡವರು. ಮೊದಲ ತಪ್ಪಿಗೆ ಅದು ಕಾರಣವಲ್ಲ, ಆಗ ಪರೀಕ್ಷಕರಿಗೆ ಅವರ ಧರ್ಮವೇ ಗೊತ್ತಿರಲಿಲ್ಲ; ಆದರೆ ಪ್ರಶ್ನೆಗಳು ಎದ್ದ ನಂತರವೂ ತಪ್ಪನ್ನು ಮರುಪರಿಶೀಲಿಸದಿರಲು ಆ ತಿಳಿವಳಿಕೆ ಕಾರಣವಾಗಿರಬಹುದು ಎಂದು ಅಮೆರಿಕ ಸರಕಾರದ ತನಿಖೆಯೇ ನಂತರ ಹೇಳಿತು. ಇದೇ ಪ್ರಕರಣವನ್ನು ಬಳಸಿಕೊಂಡು ಸಂಶೋಧಕ ಇಟಿಯಲ್ ಡ್ರೋರ್ ಮತ್ತು ಅವರ ಸಹೋದ್ಯೋಗಿಗಳು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಐವರು ಅನುಭವಿ ತಜ್ಞರಿಗೆ, ಹಿಂದೊಮ್ಮೆ ಅವರೇ ಹೊಂದುತ್ತವೆ ಎಂದಿದ್ದ ಬೆರಳಚ್ಚುಗಳನ್ನು ಕೊಟ್ಟು, ಇವು ಮೇಫೀಲ್ಡ್ ಪ್ರಕರಣದ ತಪ್ಪು ಜೋಡಿ ಎಂದು ಹೇಳಲಾಯಿತು. ಐವರಲ್ಲಿ ನಾಲ್ವರು ತಮ್ಮ ಹಿಂದಿನ ತೀರ್ಮಾನಕ್ಕೆ ಅಂಟಿಕೊಳ್ಳಲಿಲ್ಲ. ಕಿವಿಗೆ ಬಿದ್ದ ಮಾತು ಕಣ್ಣಿಗೆ ಕಂಡದ್ದನ್ನೇ ಬದಲಿಸಿತ್ತು.

ನನ್ನ ವಾಚಮನ್‌ಗಳೊಡನೆ ಈ ವಿಷಯ ಮಾತನಾಡಿದಾಗ ಅವರಲ್ಲಿ ಹಿರಿಯರೊಬ್ಬರು, "ಸಾಹೇಬ್ರ, ಇದು ಅನುಭವದ ಮಾತು, ನಮಗ ಗೊತ್ತಾಗ್ತೈತಿ" ಎಂದರು. ಅವರ ಮಾತನ್ನು ನಾನು ತಳ್ಳಿಹಾಕಲಿಲ್ಲ. ಇಬ್ಬರೂ ಕೂಡಿ ಗೇಟಿನ ಹಳೆಯ ರಿಜಿಸ್ಟರ್ ತೆರೆದೆವು. ಅದರಲ್ಲಿ ಹೆಸರು, ಓಣಿ, ಒಳಬಂದ ಹೊತ್ತು, ಹೊರಹೋದ ಹೊತ್ತು, ಚೀಲದ ಝಡತಿ (ತಪಾಸಣೆ) ಎಂಬ ಅಂಕಣಗಳಿದ್ದವು. ಝಡತಿಯ ಗುರುತು ಬಿದ್ದಿದ್ದುದು ಹೆಚ್ಚಾಗಿ ಎರಡು ಮೂರು ಓಣಿಗಳ ಮುಂದೆ. ಯಾರ ಚೀಲವನ್ನು ತೆರೆಯುತ್ತೇವೋ ಅವರಲ್ಲಿ ಮಾತ್ರ ಸಾಮಾನು ಸಿಗಲು ಸಾಧ್ಯ. ಹಾಗೆ ಸಿಕ್ಕದ್ದನ್ನೇ ಅನುಭವವೆಂದು ಕರೆದು ಮತ್ತೆ ಅವರದೇ ಚೀಲ ತೆರೆಯುತ್ತೇವೆ. ಮೋಟಾರ್ ಸೈಕಲ್ಲಿನ ಡಿಕ್ಕಿಯನ್ನು ಒಮ್ಮೆಯೂ ತೆರೆಸದ ಗುಮಾಸ್ತರ ಬಗ್ಗೆ ನಮ್ಮಲ್ಲಿ ಯಾವ ಅನುಭವವೂ ಇರಲಿಲ್ಲ, ಯಾಕೆಂದರೆ ನಾವು ನೋಡಿರಲೇ ಇಲ್ಲ. ಆ ಹಿರಿಯರು ಬಹಳ ಹೊತ್ತು ಪುಟ ತಿರುವುತ್ತ ಕುಳಿತರು.

ನಾವು ಓಣಿಯ ಅಂಕಣವನ್ನು ತೆಗೆದುಹಾಕಿದೆವು. ಪಾಳಿ ಬಿಡುವಾಗ ಪ್ರತಿಯೊಬ್ಬರೂ ಡಬ್ಬಿಯಿಂದ ಒಂದು ಟೋಕನ್ ಎತ್ತುವುದು, ಕೆಂಪು ಬಂದವರ ಚೀಲ ತೋರಿಸುವುದು ಎಂಬ ಪದ್ಧತಿ ಮಾಡಿದೆವು. ವ್ಯವಸ್ಥಾಪಕರೂ ಟೋಕನ್ ಎತ್ತಿದರು. ವಿಚಾರಣೆಯೆಂದರೆ ಮೊದಲು ಕಾಗದಪತ್ರ, ನಂತರ ಕ್ಯಾಮೆರಾ, ಕೊನೆಗೆ ಮನುಷ್ಯರು; ಎಲ್ಲರಿಗೂ ಕುರ್ಚಿ, ಎಲ್ಲರಿಗೂ ಬಹುವಚನ, ಎಲ್ಲರಿಗೂ ಮೊದಲೇ ಬರೆದಿಟ್ಟ ಅವೇ ಪ್ರಶ್ನೆಗಳು. ನನ್ನ ಗುಮಾನಿ ತಪ್ಪಾಗಿದ್ದರೆ ಏನು ಕಾಣಬೇಕು ಎಂಬುದನ್ನೂ ಒಂದು ಪುಟದಲ್ಲಿ ಬರೆದುಕೊಂಡು, ಅದನ್ನು ಹುಡುಕಿದ ನಂತರವೇ ವರದಿ ಬರೆಯುತ್ತಿದ್ದೆ. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್, ಸುಕನ್ಯಾ ಶಾಂತಾ ಪ್ರಕರಣದಲ್ಲಿ, ಜೈಲಿನ ಕೈದಿಗಳ ರಿಜಿಸ್ಟರಿನಿಂದ ಜಾತಿಯ ಅಂಕಣವನ್ನೇ ಅಳಿಸಬೇಕೆಂದೂ ಹಿಂದೆ ಅಪರಾಧಿ ಪಟ್ಟಿಯಲ್ಲಿದ್ದ ವಿಮುಕ್ತ ಬುಡಕಟ್ಟುಗಳ ಜನರನ್ನು ಮನಬಂದಂತೆ ಬಂಧಿಸದಂತೆ ಪೊಲೀಸರು ನೋಡಿಕೊಳ್ಳಬೇಕೆಂದೂ ಆದೇಶಿಸಿದಾಗ, ನನಗೆ ನಮ್ಮ ಗೇಟಿನ ರಿಜಿಸ್ಟರ್ ನೆನಪಾಯಿತು.

ಆದರೆ ನನ್ನ ಹಳೆಯ ವರದಿ ಕಡತದಲ್ಲಿ ಹಾಗೆಯೇ ಇತ್ತು. ಅದರೊಡನೆ ತಿದ್ದುಪಡಿ ಸೇರಿಸಿರೆಂದು ಕೇಳಿದಾಗ, ಕಡತ ಮುಗಿದಿದೆ ಎಂದರು. ಹೀಗಾಗಿ ನಡೆದದ್ದನ್ನೆಲ್ಲ ಬರೆದು ಸಹಿ ಮಾಡಿ, ಒಂದು ಪ್ರತಿಯನ್ನು ಕಚೇರಿಯ ಆವಕದಲ್ಲಿ ಕೊಟ್ಟು ಸೀಲು ಹಾಕಿಸಿಕೊಂಡೆ. ಇನ್ನೊಂದನ್ನು ಹಿಡಿದು ಸೆಟ್ಲಮೆಂಟಿಗೆ ಹೋದೆ. ಇಷ್ಟು ವರ್ಷ ಹುಬ್ಬಳ್ಳಿಯಲ್ಲಿದ್ದರೂ ಆ ಓಣಿಯೊಳಗೆ ಕಾಲಿಟ್ಟದ್ದು ಅಂದೇ ಮೊದಲು. ಆ ಯುವಕರು ಕಾಗದವನ್ನು ಎರಡು ಸಲ ಓದಿದರು. ಅವರ ತಾಯಿ ಚಹಾ ತಂದಿಟ್ಟರು. "ಸರ, ಇದರಾಗ ನಿಮ್ಮ ಮೊದಲಿನ ವರದಿ ತಾರೀಖೂ ಬರೀರಿ" ಎಂದರು ಆ ಯುವಕರು, "ಮುಂದ ಕೆಲಸ ಕೊಡಾವ್ರು ಎರಡೂ ಕೂಡಿಸಿ ನೋಡ್ಲಿ." ಅಲ್ಲಿಯೇ ಕುಳಿತು ತಾರೀಖು ಬರೆದು, ಅದರ ಪಕ್ಕದಲ್ಲಿ ಮತ್ತೊಮ್ಮೆ ಸಹಿ ಮಾಡಿದೆ.