ಅಜ್ಜಿಯ ಕಣ್ಣಿನ ಪೊರೆ

ನಿನ್ನೆ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಹೊರಗೆ ಕೂತು ಸುಮ್ನೆ ಓದುತ್ತಿದ್ದಾಗ ಸಿಆರ್‌ವೈಎಬಿ ಅನ್ನೋ ಜೀನ್ ಕಣ್ಣಿಗೆ ಬಿತ್ತು. ನಮ್ಮ 11ನೇ ಕ್ರೋಮೋಸೋಮಿನಲ್ಲಿದೆ. ಅದರಿಂದ ತಯಾರಾಗುವ ಆಲ್ಫಾ ಬಿ ಕ್ರಿಸ್ಟಲಿನ್ ಬರೀ 175 ಅಮೈನೋ ಆಮ್ಲಗಳ ಪುಟ್ಟ ಹೀಟ್ ಶಾಕ್ ಪ್ರೋಟೀನು, ಅಂದರೆ ಬಿಸಿಯಂಥ ಒತ್ತಡದಲ್ಲಿ ಜೀವಕೋಶವನ್ನು ಕಾಯುವ ಪ್ರೋಟೀನು. ಆಕಾರ ಕೆಟ್ಟ ಬೇರೆ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗಂಟಾಗದ ಹಾಗೆ ಹಿಡಿದುಕೊಳ್ಳುವುದೇ ಅದರ ಕೆಲಸ. ಹೃದಯದಲ್ಲೂ ಸ್ನಾಯುಗಳಲ್ಲೂ ಇದೆ. ಆದರೆ ಕಣ್ಣಿನ ಮಸೂರದ ಕಥೆಯೇ ಬೇರೆ. ಅದರ ನಡುಭಾಗದ ಜೀವಕೋಶಗಳಿಗೆ ನ್ಯೂಕ್ಲಿಯಸ್ಸೇ ಇಲ್ಲ, ಹೊಸ ಪ್ರೋಟೀನ್ ಹುಟ್ಟುವುದಿಲ್ಲ, ಅಂದರೆ ಅಜ್ಜಿ ತನ್ನ ತಾಯಿಯ ಹೊಟ್ಟೆಯಲ್ಲಿದ್ದಾಗ ತಯಾರಾದವೇ ಇಷ್ಟು ವರ್ಷ ಅಲ್ಲಿ ದುಡಿದಿವೆ, ಅಲ್ವಾ? ವಯಸ್ಸಾದಂತೆ ಅವುಗಳ ಕೈ ಸೋಲುತ್ತದೆ, ಮಸೂರ ಮಬ್ಬಾಗುತ್ತದೆ. ಆ ಹಳೇ ಮಸೂರಕ್ಕೆ ಒಂದು ನಮಸ್ಕಾರ ಹೇಳಬೇಕು ಅನ್ನಿಸಿತು. ಇವತ್ತು ಪಟ್ಟಿ ಬಿಚ್ಚಿದ ಮೇಲೆ ಅಜ್ಜಿ ನನ್ನ ಮುಖವನ್ನೇ ತುಂಬಾ ಹೊತ್ತು ನೋಡುತ್ತಾ ಕೂತಿದ್ದರು.